ಫೀಸ್ ಕಟ್ಟಿದ್ರೆ ಮುಗೀತಾ?

ಮುಂದಿನ ರಜೆಯಲ್ಲಿ ನಡೆಯುವ ಮೂರು ವಾರದ ಒಂದು ವಸತಿ ಕೋರ್ಸಿಗೆ ನಮ್ಮ ಕಾಲೇಜಿನವರನ್ನೂ ಕಳಿಸೋಣ, ಅದಕ್ಕೆ ಸ್ಕಾಲರ್‌ಶಿಪ್ ದುಡ್ಡು ಎತ್ತೋಣ ಅಂತ ಕ್ಲಬ್ಬಿನಲ್ಲಿ ಮಾತು ನಡೀತಿದೆ. ಕೋರ್ಸ್ ನಡೆಸೋದು ಒಂದು ವಿಶ್ವವಿದ್ಯಾಲಯ. ಉಳಿಯೋದು ಹಳ್ಳಿಯಲ್ಲಿ. ಬೆಳಿಗ್ಗೆ ಊರಿನವರ ಜೊತೆ ಕೆಲಸ, ಮಧ್ಯಾಹ್ನ ಪಾಠ, ರಾತ್ರಿ ಒಟ್ಟಿಗೆ ಅಡುಗೆ, ಊಟ, ಚರ್ಚೆ. ಒಬ್ಬರಿಗೆ ಫೀಸ್ 9,000 ರೂಪಾಯಿ. ನಮ್ಮ ಗುರಿ 54,000. ಅಂದ್ರೆ ಆರು ಜನಕ್ಕೆ ಫೀಸ್ ಕಟ್ಟಬಹುದು ಅನ್ನೋದು ಕಮಿಟಿಯ ಲೆಕ್ಕ.

ಲೆಕ್ಕ ಸರಿಯಾಗಿದೆ. ಆದರೆ ನನ್ನ ಪ್ರಕಾರ ಆ ದುಡ್ಡಲ್ಲಿ ಆರು ಜನ ಅಲ್ಲ, ಮೂರು ಜನ ಹೋಗಬೇಕು.

ಯಾಕೆ ಅಂತ ಹೇಳ್ತೀನಿ. ನನ್ನ ಪಕ್ಕ ಕೂರುವ ದೋಸ್ತ ರಾಯಚೂರು ಕಡೆಯವನು. ಸೆಮ್ ಮುಗಿದ ಮಾರನೇ ದಿನದಿಂದ ಅವನು ಒಂದು ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗ್ತಾನೆ. ಮುಂದಿನ ಸೆಮ್‌ನ ಹಾಸ್ಟೆಲ್ ದುಡ್ಡು ಬರೋದು ಅಲ್ಲಿಂದಲೇ. ಈ ಕೋರ್ಸಿನ ವಿಷಯ ಹೇಳಿ "ಫೀಸ್ ಕ್ಲಬ್ ಕಟ್ಟುತ್ತೆ, ಬಾರೋ" ಅಂದೆ. ಅವನು ಹೇಳಿದ್ದು ಇಷ್ಟೇ: "ಫೀಸ್ ನೀವು ಕಟ್ತೀರಿ, ಖರೆ. ಮೂರು ವಾರದ ಪಗಾರ ಯಾರು ಕೊಡ್ತಾರ್ಲೇ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಂತ ಲೆಕ್ಕ ಹಾಕೋಕೆ ಕಷ್ಟವೇನಿಲ್ಲ. ಗೋಡೌನ್ ಪಗಾರ ಬಿಡಿ, ನರೇಗಾ ಕೂಲಿಯನ್ನೇ ತಗೊಳ್ಳೋಣ. 2025-26ರಲ್ಲಿ ನಮ್ಮ ರಾಜ್ಯಕ್ಕೆ ನಿಗದಿಯಾಗಿದ್ದು ದಿನಕ್ಕೆ 370 ರೂಪಾಯಿ. 21 ದಿನಕ್ಕೆ 7,770. ಫೀಸಿಗೆ ಅದನ್ನ ಸೇರಿಸಿದ್ರೆ 16,770. ಬಸ್ ಚಾರ್ಜು, ದಾರಿ ಖರ್ಚು ಅಂತ ಇನ್ನೊಂದು 1,230 ಇಡಿ. (ಹುಡುಗಿಯರಿಗೆ ಶಕ್ತಿ ಯೋಜನೆ ಇದೆ, ಸ್ವಲ್ಪ ಉಳಿಯುತ್ತೆ.) ಒಟ್ಟು 18,000. ಅವನಿಗೆ ಈ ಕೋರ್ಸಿನ ನಿಜವಾದ ರೇಟು ಅದು. ನಾವು ಅದರಲ್ಲಿ ಅರ್ಧ ಕೊಟ್ಟು "ಫ್ರೀ" ಅಂತ ಪೋಸ್ಟರ್ ಹಾಕ್ತಿದ್ದೀವಿ.

ಸರ್ಕಾರದ ಸ್ಕಾಲರ್‌ಶಿಪ್ ಇದೆಯಲ್ಲ ಅಂತ ಒಬ್ಬರು ಕೇಳಿದ್ರು. ವಿದ್ಯಾಸಿರಿಯನ್ನೇ ನೋಡಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ, ವಸತಿಗೆ ತಿಂಗಳಿಗೆ ಇಷ್ಟು ಅಂತ ದುಡ್ಡು, ಅದೂ ವರ್ಷಕ್ಕೆ 10 ತಿಂಗಳು. ರಜೆಯಲ್ಲಿ ಹುಡುಗರು ಮನೆಗೆ ಹೋಗ್ತಾರೆ, ಮನೆಯಲ್ಲಿ ಊಟ ಇರುತ್ತೆ ಅನ್ನೋ ಲೆಕ್ಕ ಇರಬೇಕು. ಈ ಕೋರ್ಸ್ ನಡೆಯೋದು ಸರಿಯಾಗಿ ಆ ಖಾಲಿ ತಿಂಗಳಲ್ಲಿ. ಎನ್‌ಎಸ್‌ಎಸ್ ಕ್ಯಾಂಪಿಗೆ ಎಲ್ಲ ಥರದ ಮನೆಯವರೂ ಬರ್ತಾರೆ, ಯಾಕಂದ್ರೆ ಅದು ಏಳೇ ದಿನ, ಫೀಸೂ ಇಲ್ಲ. ಏಳು ದಿನದ ಕೂಲಿ ಬಿಡಬಹುದು. 21 ದಿನದ್ದು ಬಿಡೋಕಾಗಲ್ಲ.

ಇದು ನನ್ನ ತಲೆಯಿಂದ ಬಂದ ಐಡಿಯಾ ಏನಲ್ಲ. ಅಮೆರಿಕದಲ್ಲಿ ಎಲ್.ಎಲ್. ನನ್ ಅಂತ ಒಬ್ಬ ಇದ್ದ (ಹೆಸರೇ ನನ್, ‘ನನ್ನ’ ಅಲ್ಲ). ಇಇಇ ಬ್ರಾಂಚಿನವರು ಅವನ ಬಗ್ಗೆ ಓದಲೇಬೇಕು. ಕೊಲೊರಾಡೋದ ಟೆಲ್ಯುರೈಡ್ ಎಂಬ ಊರಿನ ಹತ್ತಿರ ಒಂದು ಚಿನ್ನದ ಗಣಿ, ಅದಕ್ಕೆ ಕರೆಂಟ್ ಬೇಕಿತ್ತು. 1891ರಲ್ಲಿ ನನ್ ಏಮ್ಸ್ ಎಂಬಲ್ಲಿ ಜಲವಿದ್ಯುತ್ ಘಟಕ ಕಟ್ಟಿ ಸುಮಾರು 4 ಕಿಲೋಮೀಟರ್ ದೂರಕ್ಕೆ ಎಸಿ ಕರೆಂಟ್ ಕಳಿಸಿದ. ಎಸಿ ಗೆಲ್ಲುತ್ತೋ ಡಿಸಿ ಗೆಲ್ಲುತ್ತೋ ಅಂತ ಜಗಳ ನಡೀತಿದ್ದ ಕಾಲ ಅದು. ಅದಾಗಿ 11 ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದರು ಅನ್ನೋದು ನಿಮಗೆ ಗೊತ್ತಿರೋದೇ.

ನನ್ ತನ್ನ ಪವರ್ ಹೌಸ್‌ಗಳಿಗೆ ಹುಡುಗರನ್ನ ಕೆಲಸಕ್ಕೆ ತಗೊಂಡು ಅಲ್ಲೇ ಪಾಠ ಹೇಳಿಸ್ತಿದ್ದ. ಕೆಲಸ, ಓದು, ಒಟ್ಟಿಗೆ ವಾಸ. ಅದರಿಂದ ಬೆಳೆದದ್ದು 1911ರಲ್ಲಿ ಶುರುವಾದ ಟೆಲ್ಯುರೈಡ್ ಅಸೋಸಿಯೇಷನ್. ಅವರು 1954ರಿಂದ ಹೈಸ್ಕೂಲ್ ಮಕ್ಕಳಿಗೆ ಕಾರ್ನೆಲ್‌ನಂಥ ವಿಶ್ವವಿದ್ಯಾಲಯಗಳಲ್ಲಿ ಬೇಸಿಗೆ ಕೋರ್ಸ್ ನಡೆಸ್ತಾ ಬಂದಿದ್ದಾರೆ. ಮಕ್ಕಳು ವಾರಗಟ್ಟಲೆ ಒಂದೇ ಮನೆಯಲ್ಲಿ ಇದ್ದು, ಮನೆಯ ನಿಯಮಗಳನ್ನ ತಾವೇ ಮಾತಾಡಿ ಮಾಡಿಕೊಳ್ಳಬೇಕು. ಪಾಠ, ಊಟ, ವಸತಿ ಎಲ್ಲರಿಗೂ ಉಚಿತ. ಅಷ್ಟಕ್ಕೇ ನಿಲ್ಲಲ್ಲ. ಕಷ್ಟ ಇರುವವರು ಪ್ರಯಾಣದ ಖರ್ಚು ಕೇಳಬಹುದು. ರಜೆಯಲ್ಲಿ ದುಡಿಯಬೇಕಿದ್ದವರಿಗೆ, ಆ ಕೈತಪ್ಪಿದ ಸಂಪಾದನೆ ಅಂತ 500 ಡಾಲರ್ ತನಕ ಕೊಡುವ ನಿಯಮವನ್ನೂ ಇಟ್ಟಿದ್ದಾರೆ. ನನ್ನ ದೋಸ್ತ ಕೇಳಿದ ಪ್ರಶ್ನೆಯನ್ನ ಅಲ್ಲಿ ಯಾರೋ ಮೊದಲೇ ಕೇಳಿರಬೇಕು.

ಅವರ ಹತ್ತಿರ ದೊಡ್ಡ ನಿಧಿ ಇದೆ, ನಮ್ಮ ಹತ್ತಿರ ಒಂದು ಕ್ಯೂಆರ್ ಕೋಡ್ ಇದೆ. ಒಪ್ಪಿದೆ. ಅದಕ್ಕೇ ನಾನು ಕಡಿಮೆ ಜನ ಅಂತ ಹೇಳ್ತಿರೋದು. ಆರು ಜನ ಅಂದ್ರೆ ವರದಿಯಲ್ಲಿ ಚೆನ್ನಾಗಿ ಕಾಣುತ್ತೆ, ಗೊತ್ತು. ಆದರೆ ಬರೀ ಫೀಸ್ ಕೊಟ್ಟರೆ ಆ ಆರು ಜನ ಯಾರಿರ್ತಾರೆ? ಮೂರು ವಾರ ದುಡಿಯದಿದ್ರೂ ಮನೆ ನಡೆಯುವವರು. ನನ್ನಂಥವರು. ನಮ್ಮ ಮನೆಯಲ್ಲಿ ಕೇಳಿದ್ರೆ 9,000 ಹೇಗೋ ಹೊಂದಿಸ್ತಾರೆ. ನನಗೆ ಡಿಸ್ಕೌಂಟ್ ಕೊಡಿಸೋಕೆ ಸೀನಿಯರ್‌ಗಳ ಹತ್ತಿರ ಕೈ ಚಾಚಬೇಕಾ?

ಇನ್ನೊಂದು ಸಲಹೆ ಬಂದಿದೆ: ಸ್ಕಾಲರ್‌ಶಿಪ್ ತಗೊಂಡವರು ಅಲ್ಲಿ ಪಾತ್ರೆ ತೊಳೆಯೋದು, ಕ್ಲೀನಿಂಗ್ ಮಾಡಲಿ, ಅದಕ್ಕೆ ಬದಲಾಗಿ ವಿಶ್ವವಿದ್ಯಾಲಯದವರು ಫೀಸ್ ಇಳಿಸಲಿ ಅಂತ. ಇದು ನನಗೆ ಸ್ವಲ್ಪವೂ ಇಷ್ಟ ಆಗಲಿಲ್ಲ. ಪಾತ್ರೆ ತೊಳೆಯೋದು ಆ ಕೋರ್ಸಿನ ಭಾಗ, ಎಲ್ಲರೂ ತೊಳೆಯಬೇಕು. ಇದೇ ನನ್ 1917ರಲ್ಲಿ ಶುರು ಮಾಡಿದ ಡೀಪ್ ಸ್ಪ್ರಿಂಗ್ಸ್ ಕಾಲೇಜಿನಲ್ಲಿ ದನ ಮೇಯಿಸೋದು, ಹೊಲದ ಕೆಲಸ, ಅಡುಗೆಮನೆ ಕೆಲಸ ಎಲ್ಲ ವಿದ್ಯಾರ್ಥಿಗಳದ್ದೇ. ಮನೆಯಲ್ಲಿ ಎಷ್ಟು ದುಡ್ಡಿದೆ ಅಂತ ನೋಡಿ ಕೆಲಸ ಹಂಚಲ್ಲ. ಬಡವರ ಮಕ್ಕಳು ತೊಳೆದು ಉಳಿದವರು ಚರ್ಚೆ ಮಾಡೋದಾದ್ರೆ ಅದನ್ನ ಕಲಿಯೋಕೆ ಹಳ್ಳಿಗೆ ಹೋಗಬೇಕಿಲ್ಲ.

ದುಡ್ಡು ಎತ್ತುವ ರೀತಿ ಬಗ್ಗೆ ಒಂದು ಮಾತು. ನಮ್ಮ ತಾತ ವಾರಾನ್ನ ಮಾಡಿ ಓದಿದವರು. ಗೊತ್ತಿಲ್ಲದವರಿಗೆ: ವಾರದ ಒಂದೊಂದು ದಿನ ಊರಿನ ಒಂದೊಂದು ಮನೆಯಲ್ಲಿ ಊಟ. ಏಳು ಮನೆ ಸೇರಿ ಒಬ್ಬ ಹುಡುಗನನ್ನ ಓದಿಸಿದ ಹಾಗೆ. ಯಾರಿಗೂ ದೊಡ್ಡ ಹೊರೆ ಇಲ್ಲ, ಆ ವ್ಯವಸ್ಥೆಯ ಬುದ್ಧಿವಂತಿಕೆ ಅದು. ಆದರೆ ತಾತನಿಗೆ ಕೊನೆಯವರೆಗೂ ನೆನಪಿದ್ದದ್ದು ಬುಧವಾರದ ಮನೆ. ಅಲ್ಲಿ ಊಟಕ್ಕೆ ಮೊದಲು ಯಾವ ಕ್ಲಾಸು, ಎಷ್ಟು ಮಾರ್ಕ್ಸು, ಅಪ್ಪ ಯಾಕೆ ದುಡಿಯಲ್ಲ ಅಂತ ಬಂದವರ ಮುಂದೆಲ್ಲ ಕೇಳ್ತಿದ್ರಂತೆ.

ಆ ಏಳು ಮನೆಯ ಲೆಕ್ಕ ನಮಗೂ ಬೇಕು, ಬುಧವಾರದ ಮನೆ ಬೇಡ. ಒಬ್ಬರಿಗೆ 18,000, 21 ದಿನ. ದಿನಕ್ಕೆ 857 ರೂಪಾಯಿ ಆಗುತ್ತೆ. ಮೂರು ಜನಕ್ಕೆ 63 ದಿನ. ಒಬ್ಬ ಸೀನಿಯರ್‌ಗೆ ಒಂದು ದಿನ ಅಂದ್ರೂ 63 ಜನ ಸಾಕು. ಕೆಲಸಕ್ಕೆ ಸೇರಿರುವ ನಮ್ಮ ಹಳೇ ಮೆಂಬರ್‌ಗಳಿಗೆ ಒಂದು ಪಿಜ್ಜಾದ ಬಿಲ್ಲು ಅದು. ಯಾರ ಫೋಟೋವೂ ಹಾಕೋದು ಬೇಡ, "ಕಡು ಬಡತನದ ಪ್ರತಿಭೆ" ಅಂತ ಸ್ಟೇಟಸ್ಸೂ ಬೇಡ. ಯಾರಿಗೆ ದುಡ್ಡು ಹೋಯ್ತು ಅಂತ ಇಬ್ಬರು ಮೇಷ್ಟ್ರಿಗೆ ಮಾತ್ರ ಗೊತ್ತಿದ್ರೆ ಸಾಕು. ಮೊದಲು ಆಯ್ಕೆ ಮಾಡಿ, ಆಮೇಲೆ "ನಿನಗೆ ಏನೇನು ಖರ್ಚಿದೆ" ಅಂತ ಕೇಳೋಣ. ಕೂಲಿಯ ದುಡ್ಡನ್ನ ಹೊರಡೋ ಮೊದಲೇ ಕೊಡಬೇಕು. ಬಿಲ್ ತಂದುಕೊಟ್ಟ ಮೇಲೆ ಕೊಡ್ತೀವಿ ಅಂದ್ರೆ ನಡೆಯಲ್ಲ. ಕಳೆದುಹೋದ ಕೂಲಿಗೆ ಯಾರು ಬಿಲ್ ಕೊಡ್ತಾರೆ?

ಫೆಸ್ಟಿಗೆ ದುಡ್ಡು ಕೊಡುವ ಸ್ಪಾನ್ಸರ್‌ಗಳನ್ನೂ ಕೇಳಬಹುದು, ಆದರೆ ಅವರಿಗೆ ಬ್ಯಾನರ್ ಬೇಕು, ಬ್ಯಾನರ್ ಪಕ್ಕ ನಿಲ್ಲೋಕೆ ಹುಡುಗರು ಬೇಕು. ಹಾಗಾಗಿ ನನಗೆ ಅಷ್ಟು ಆಸೆಯಿಲ್ಲ.

ಶುಕ್ರವಾರ ಸಂಜೆ ಮೀಟಿಂಗ್ ಇದೆ, ಅಲ್ಲಿ ಕೈ ಎತ್ತಿಸಿ ತೀರ್ಮಾನ ಮಾಡ್ತಾರಂತೆ. ನಾನು ಮೂರಕ್ಕೆ ಎತ್ತುತ್ತೀನಿ. ಅಕಸ್ಮಾತ್ 72,000 ಬಂದ್ರೆ ನಾಲ್ಕಕ್ಕೆ, ಎಂಟಕ್ಕಲ್ಲ.