ಮೀನಿನ ರೆಕ್ಕೆಯೂ ಮಗುವಿನ ಹೃದಯವೂ

ಗರ್ಭಿಣಿಯು ಗ್ರಹಣ ನೋಡಿದುದರಿಂದ ಕೂಸು ಊನವಾಯಿತೆಂಬ ಮಾತನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಪ್ರತಿ ಸಲವೂ ಅಪರಾಧಿಯಾಗಿ ನಿಲ್ಲುವವಳು ತಾಯಿಯೇ. ಗಂಗಾ ಬಯಲಿನ ಹಳ್ಳಕೊಳ್ಳಗಳಲ್ಲಿ ವಾಸಿಸುವ, ಬೆರಳುದ್ದವೂ ಇಲ್ಲದ ಜೀಬ್ರಾ ಮೀನು ಈ ವಿಷಯದಲ್ಲಿ ಬೇರೆಯೇ ಕಾರಣವೊಂದನ್ನು ತೋರಿಸಿಕೊಟ್ಟಿದೆ.

ಇದರ ಭ್ರೂಣವು ಗಾಜಿನಂತೆ ಪಾರದರ್ಶಕ. ಸುಮಾರು 24 ಗಂಟೆಗಳಲ್ಲಿ ಹೃದಯವು ಮಿಡಿಯತೊಡಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ವಂಶವಾಹಿಗಳಲ್ಲಿ ಯಾವುದು ಎಲ್ಲಿ, ಯಾವಾಗ ಕಾರ್ಯಕ್ಕೆ ತೊಡಗಬೇಕೆಂಬುದನ್ನು ನಿಯಂತ್ರಿಸುವ ಪ್ರೋಟೀನುಗಳುಂಟು; ಅವುಗಳನ್ನು ರಚಿಸುವುದಕ್ಕೂ ವಂಶವಾಹಿಗಳಿವೆ. ಟಿಬಿಎಕ್ಸ್-5 ಎಂಬುದು ಅಂಥದೊಂದು. ತಂದೆತಾಯಿಗಳಿಂದ ಬಂದ ಅದರ ಎರಡು ಪ್ರತಿಗಳೂ ಕೆಟ್ಟಿದ್ದರೆ ಮೀನಿನ ಮರಿಗೆ ಎದೆಯ ಪಕ್ಕದ ಈಜುರೆಕ್ಕೆಗಳು ಮೂಡುವುದಿಲ್ಲ. ಮಿಡಿಯತೊಡಗಿದ ಹೃದಯವೂ ದಾರದಂತೆ ಜಗ್ಗಿಹೋಗುತ್ತದೆ. ಅಮೆರಿಕದ ವಿಜ್ಞಾನಿಗಳು ಇದನ್ನು 2002ರಲ್ಲಿ ಪ್ರಕಟಿಸಿದರು.

ಕೈಗೂ ಹೃದಯಕ್ಕೂ ಎತ್ತಣ ನಂಟು? ಮೀನಿನ ಆ ರೆಕ್ಕೆಯೂ ನಮ್ಮ ತೋಳೂ ಒಂದೇ ಮೂಲದವು. ಮನುಷ್ಯರಲ್ಲಿ ಇದೇ ವಂಶವಾಹಿಯ ಒಂದು ಪ್ರತಿ ಕೆಟ್ಟರೂ ಹೆಬ್ಬೆರಳು, ತೋಳುಗಳಲ್ಲಿ ಊನವೂ ಹೃದಯದ ಗೋಡೆಯಲ್ಲಿ ರಂಧ್ರವೂ ಉಂಟಾಗಬಹುದೆಂದು 1997ರಲ್ಲಿಯೇ ತಿಳಿದಿತ್ತು. ಈ ದೋಷವು ತಾಯಿಯಿಂದ ಬರಬಹುದು, ತಂದೆಯಿಂದಲೂ ಬರಬಹುದು. ಇಬ್ಬರಲ್ಲಿಯೂ ಇಲ್ಲದೆ ಹೊಸದಾಗಿಯೂ ತಲೆದೋರಬಹುದು. ಇಂಥ ಕೂಸು ಜನಿಸಿದ ಮನೆಯವರು ಸೊಸೆಯನ್ನು ಗ್ರಹಣದ ಲೆಕ್ಕ ಕೇಳುತ್ತ ಕೂಡದೆ, ಮಗುವನ್ನು ಹೃದಯತಜ್ಞರಿಗೆ ತೋರಿಸಲಿ. ಅನೇಕ ರಂಧ್ರಗಳನ್ನು ಈಗ ಮುಚ್ಚಬಹುದಾಗಿದೆ.