‘ಬೇಡ’ ಎನ್ನುವ ವಿದ್ಯೆ

ಇ-ಸಿಗರೇಟನ್ನು ಭಾರತವು 2019ರಲ್ಲಿಯೇ ನಿಷೇಧಿಸಿತು; 21 ವರ್ಷದೊಳಗಿನವರಿಗೆ ತಂಬಾಕು ಮಾರಕೂಡದೆಂಬ ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದಿತು. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಿಸಬಲ್ಲುದು. ಗೆಳೆಯನು ಚಾಚಿದ ಕೈಯನ್ನು ತಡೆಯಲಾರದು. ಆ ಕೆಲಸ ಶಿಕ್ಷಣದ್ದು. ಆದರೆ ಎಂತಹ ಶಿಕ್ಷಣ?

ಅಮೆರಿಕದ ಲಾಸ್ ಏಂಜಲೀಸಿನಲ್ಲಿ 1983ರಲ್ಲಿ, ಪೋಲೀಸರೇ ತರಗತಿಗೆ ಬಂದು ಮಾದಕದ್ರವ್ಯಗಳ ಕೇಡನ್ನು ಬೋಧಿಸುವ ‘ಡೇರ್’ ಯೋಜನೆ ಮೊದಲಾಯಿತು. ದೇಶವೆಲ್ಲ ಹಬ್ಬಿದರೂ ಅದರಿಂದ ಮಕ್ಕಳ ನಡತೆ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲವೆಂದು ಅಧ್ಯಯನಗಳು ತೋರಿಸಿದವು. ಕೊನೆಗೆ ಆ ಯೋಜನೆಯೇ ಪಾಠಕ್ರಮವನ್ನು ಬದಲಿಸಿ, ವಿವೇಚಿಸಿ ನಿರ್ಧರಿಸುವುದನ್ನು ಕಲಿಸತೊಡಗಿತು.

ನಮ್ಮ ಶಾಲೆಗಳೂ ಇದನ್ನು ಗಮನಿಸಬೇಕು. ಹಣ್ಣಿನ ಪರಿಮಳದ ಮರೆಯಲ್ಲಿರುವುದು ನಿಕೋಟಿನ್. ಬೆಳೆಯುತ್ತಿರುವ ಮೆದುಳಿಗೆ ಅದರ ಚಟ ಬೇಗ ಅಂಟುತ್ತದೆ. ಇದನ್ನು ಉತ್ಪ್ರೇಕ್ಷೆಯಿಲ್ಲದೆ ತಿಳಿಸಬೇಕು. ಒಂದು ಸುಳ್ಳು ಬಯಲಾದರೆ ಉಳಿದ ನಿಜವನ್ನೂ ಹುಡುಗರು ನಂಬರು. ಸ್ನೇಹ ಕೆಡದಂತೆ ‘ಬೇಡ’ ಎನ್ನುವುದನ್ನು ತರಗತಿಯಲ್ಲಿಯೇ ಆಡಿಸಿ ರೂಢಿ ಮಾಡಿಸಬೇಕು. ತಪ್ಪಿದವನೂ ಅಂಜದೆ ಬಂದು ಹೇಳಿಕೊಳ್ಳಬಲ್ಲ ಗುರುವೊಬ್ಬನು ಪ್ರತಿ ಶಾಲೆಯಲ್ಲಿಯೂ ಇರಬೇಕು.