ಹಾಸಿಗೆ ಖಾಲಿಯಿದೆಯೆ?

ಮಳೆಗಾಲದ ಒಂದು ಸಂಜೆ. ಬೆಂಗಳೂರಿನ ಬಡಾವಣೆಯೊಂದರ ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗನಿಗೆ ಮೂರು ದಿನದಿಂದ ಜ್ವರ. ರಕ್ತಪರೀಕ್ಷೆಯ ಕಾಗದ ಬಂದಿದೆ: ಡೆಂಗ್ಯೂ, ಪ್ಲೇಟ್‌ಲೆಟ್ 90,000. ಆರೋಗ್ಯವಂತರಲ್ಲಿ ಅದು ಒಂದೂವರೆ ಲಕ್ಷಕ್ಕೆ ಮೇಲಿರಬೇಕೆಂದು ಆ ಕಾಗದದಲ್ಲಿಯೇ ಅಚ್ಚಾಗಿದೆ. ತಾಯಿಯ ಮುಖ ಬಾಡಿತು. ಅಜ್ಜಿ ದೇವರ ಮುಂದೆ ಮುಡಿಪು ಕಟ್ಟಿಟ್ಟರು. ಎದುರು ಮನೆಯಾಕೆ ಪರಂಗಿ ಎಲೆಯ ರಸವನ್ನು ಹಿಡಿದು ಬಂದವರೇ, “ಇನ್ನೂ ಅಡ್ಮಿಟ್ ಮಾಡಿಸಲಿಲ್ಲವೆ?” ಎಂದರು.

ಡಾಕ್ಟರು ಮಾತ್ರ ಶಾಂತರಾಗಿದ್ದರು. ಹೊಟ್ಟೆನೋವಿಲ್ಲ, ಮೇಲಿಂದ ಮೇಲೆ ವಾಂತಿಯಿಲ್ಲ, ವಸಡಿನಲ್ಲಿ ರಕ್ತವಿಲ್ಲ. ಹುಡುಗ ನೀರು ಕುಡಿಯುತ್ತಿದ್ದಾನೆ. ಮನೆಯಲ್ಲಿಯೇ ಇರಲಿ, ನಾಳೆ ಮತ್ತೆ ರಕ್ತ ನೋಡೋಣ ಎಂದರು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಕೊಟ್ಟ ಸೂಚನೆಯೂ ಇದೇ ಜಾಡಿನದು. ಅಪಾಯದ ಚಿಹ್ನೆಗಳಿಲ್ಲದ ರೋಗಿ ಮನೆಯಲ್ಲಿರಬಹುದು. ಚಿಹ್ನೆ ಕಂಡವರು, ಗರ್ಭಿಣಿಯರು, ಎಳೆಯ ಕೂಸುಗಳು, ವೃದ್ಧರು, ಸಕ್ಕರೆ ಕಾಯಿಲೆಯವರು ಆಸ್ಪತ್ರೆಗೆ ಸೇರಬೇಕು. ಒಂಟಿಯಾಗಿ ವಾಸಿಸುವವರನ್ನೂ ಆ ಸಂಸ್ಥೆ ಈ ಪಂಕ್ತಿಯಲ್ಲಿಯೇ ಕೂರಿಸಿದೆ!

ಮನೆಯ ಯಜಮಾನರಿಗೆ ಸಮಾಧಾನವಾಗಲಿಲ್ಲ. “ವಿಮೆಯುಂಟು ಡಾಕ್ಟರೆ, ಸೇರಿಸಿಬಿಡಿ” ಎಂದರು.

ಅವರ ಮಾತಿನಲ್ಲಿ ತಪ್ಪೇನು? ‘ಮೆಡಿಕ್ಲೇಮ್’ ಎಂಬ ವಿಮೆ ನಮ್ಮ ದೇಶಕ್ಕೆ ಬಂದದ್ದು 1986ರಲ್ಲಿ. ಇಂಥ ವಿಮೆಗಳ ಸಾಮಾನ್ಯ ಕರಾರೆಂದರೆ, ಕೆಲವು ಚಿಕಿತ್ಸೆಗಳನ್ನು ಬಿಟ್ಟರೆ, ರೋಗಿ 24 ಗಂಟೆಯಾದರೂ ಆಸ್ಪತ್ರೆಯಲ್ಲಿ ಮಲಗಿರಬೇಕು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತದ ವಿಮೆಯೂ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಮುಖ್ಯವಾಗಿ ಆಸ್ಪತ್ರೆ ಸೇರಿದವರಿಗೇ. ಮನೆಯಲ್ಲಿ ಮಲಗಿದರೆ ಖರ್ಚು ಕೈಯಿಂದ. ಆಸ್ಪತ್ರೆಯಲ್ಲಿ ಮಲಗಿದರೆ ವಿಮೆಯಿಂದ. ಲೆಕ್ಕ ಬಲ್ಲ ಗೃಹಸ್ಥನು ಯಾವುದನ್ನು ಆರಿಸಿಕೊಳ್ಳುತ್ತಾನೆಂದು ಬೇರೆ ಹೇಳಬೇಕೆ?

ಆಸ್ಪತ್ರೆಗಳಿಗೂ ತಮ್ಮದೇ ಲೆಕ್ಕವುಂಟು. ಅಮೆರಿಕದ ಮಿಲ್ಟನ್ ರೋಮರ್ ಮತ್ತು ಮ್ಯಾಕ್ಸ್ ಶೇನ್ ಎಂಬ ವಿದ್ವಾಂಸರು 1959ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರು: ಜನರಿಗೆ ವಿಮೆಯಿರುವ ಕಡೆ ಹಾಸಿಗೆ ಹೆಚ್ಚಿದರೆ ರೋಗಿಗಳೂ ಹೆಚ್ಚುತ್ತಾರೆ. ಊರಿನಲ್ಲಿ ರೋಗ ಹೆಚ್ಚಿರಬೇಕೆಂದೇನೂ ಇಲ್ಲ.

ಆದರೆ ಎಲ್ಲವನ್ನೂ ದುರಾಸೆಯ ತಲೆಗೆ ಕಟ್ಟುವುದು ಅನ್ಯಾಯ. ಮನೆಗೆ ಕಳುಹಿಸಿದ ರೋಗಿಗೆ ನಡುರಾತ್ರಿ ಏನಾದರೂ ಆದರೆ ಬಂಧುಗಳು ಹಿಡಿಯುವುದು ಡಾಕ್ಟರ ಕೊರಳುಪಟ್ಟಿಯನ್ನು. ಡೆಂಗ್ಯೂವಿನ ಕಪಟವೂ ಸಾಮಾನ್ಯವಲ್ಲ. ಜ್ವರ ಇಳಿಯಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ ಅಪಾಯದ ಗಳಿಗೆ ಬರುವುದು. ಆಗ ರೋಗಿಯ ಪಕ್ಕದಲ್ಲಿ ಕಣ್ಣಿಟ್ಟು ಕೂರುವವರು ಬೇಕು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಆ ಕಣ್ಣು ಯಾರದು? ಎಷ್ಟೋ ಮನೆಯವರು ಆಸ್ಪತ್ರೆಯಲ್ಲಿ ಬಾಡಿಗೆಗೆ ಹಿಡಿಯುವುದು ಹಾಸಿಗೆಯನ್ನಲ್ಲ, ಆ ಕಣ್ಣನ್ನು.

ಈ ಮನೆಯಲ್ಲಿ ಅಜ್ಜಿ ಇದ್ದರು. ಕುಡಿದ ನೀರು, ಹೋದ ಮೂತ್ರ, ಜ್ವರದ ಅಳತೆ, ಎಲ್ಲವನ್ನೂ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟರು. ಐದನೆಯ ದಿನ ಜ್ವರ ಇಳಿಯಿತು. ಪ್ಲೇಟ್‌ಲೆಟ್ 60,000ಕ್ಕೆ ಇಳಿಯಿತು. ಆ ರಾತ್ರಿ ಯಜಮಾನರು ಕಾರಿನ ಬೀಗದ ಕೈಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದರು, ನಿದ್ರೆ ಬರಲಿಲ್ಲ. ಎಂಟನೆಯ ದಿನದ ಹೊತ್ತಿಗೆ ಎಣಿಕೆ ತಾನಾಗಿಯೇ ಒಂದು ಲಕ್ಷವನ್ನು ದಾಟಿತ್ತು. ಹುಡುಗ ತಿಳಿಸಾರಿನ ಅನ್ನವನ್ನು ಎರಡು ಸಲ ಬಡಿಸಿಕೊಂಡು ಉಂಡನು.

ಪರೀಕ್ಷೆಗಳಿಗೂ ಡಾಕ್ಟರ ಫೀಜಿಗೂ ಆದ ಖರ್ಚಿನಲ್ಲಿ ಒಂದು ಪೈಸೆಯೂ ವಿಮೆಯಿಂದ ಬರಲಿಲ್ಲ.